ಕೆರೆ ಎಲ್ಲರದ್ದು, ಕುರ್ಚಿ ಖಾಲಿ

ಇವತ್ತಿನ ದೊಡ್ಡ ಸುದ್ದಿ ಯಾವುದು ಅಂತ ನಿಮಗೆ ಗೊತ್ತೇ ಇದೆ. ಬೆಳಗಿನಿಂದ ಎಲ್ಲ ಚಾನೆಲ್‌ಗಳಲ್ಲೂ ಅದೇ ಓಡ್ತಿದೆ, ನಮ್ಮಲ್ಲೂ ಓಡ್ತಿದೆ. ಬೆಂಗಳೂರಿನಲ್ಲಿ ಯಾರು ಯಾರ ಮನೆಗೆ ಊಟಕ್ಕೆ ಹೋದರು, ಊಟ ಮುಗಿಸಿ ಹೊರಗೆ ಬಂದಾಗ ಮುಖ ಹೇಗಿತ್ತು, ದೆಹಲಿಯಿಂದ ಫೋನ್ ಬಂತೋ ಇಲ್ಲವೋ. ಅದನ್ನು ಒಂಬತ್ತು ಗಂಟೆಯ ಬುಲೆಟಿನ್‌ಗೆ ಬಿಡೋಣ. ಈಗ ನಿಮ್ಮನ್ನು ಒಂದು ಕೆರೆಯ ಏರಿ ಮೇಲೆ ಕರ್ಕೊಂಡು ಹೋಗ್ತೀನಿ. ಟಿಆರ್‌ಪಿ ಬರೋ ವಿಷಯ ಅಲ್ಲ ಅಂತ ನಮ್ಮ ಡೆಸ್ಕಿನವರು ಆಗಲೇ ಎಚ್ಚರಿಸಿದ್ದಾರೆ. ಇರಲಿ.

ಕೆರೆಯ ಹೆಸರು ಸೂಳೆಕೆರೆ. ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ. ಸರ್ಕಾರಿ ಫಲಕಗಳಲ್ಲಿ ಶಾಂತಿಸಾಗರ. ಎರಡು ಗುಡ್ಡಗಳ ನಡುವೆ ಒಂದು ಏರಿ ಕಟ್ಟಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ್ದಾರೆ. ಕಟ್ಟಿ ಎಂಟು-ಒಂಬತ್ತು ಶತಮಾನ ಆಗಿದೆ ಅನ್ನೋದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ನೀರು ನಿಲ್ಲುವ ಜಾಗ 6,550 ಎಕರೆ ಅಂತ ಪುಸ್ತಕಗಳಲ್ಲಿದೆ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ಊರವರು ಎದೆ ಉಬ್ಬಿಸಿ ಹೇಳ್ತಾರೆ. ಅದನ್ನು ಅಳೆಯೋಕೆ ನಾನು ಹೋಗಲ್ಲ. ಏರಿ ಮೇಲೆ ನಿಂತರೆ ಆಚೆ ದಡ ಕಾಣೋದು ಕಷ್ಟ, ನನಗೆ ಅಷ್ಟು ಸಾಕು.

ಹೆಸರಿನ ಬಗ್ಗೆ ಮುಜುಗರ ಪಡೋರಿಗೆ ಒಂದು ಮಾತು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸೋಕೆ ಹೊರಟಾಗ ಜಾಗ ಇದ್ದದ್ದು ಸೂಳೆಯರ ಕೈಯಲ್ಲಂತೆ. ಅವರು ಜಾಗ ಬಿಟ್ಟುಕೊಟ್ಟರು, ಕೆರೆಗೆ ನಮ್ಮ ಹೆಸರಿರಲಿ ಅಂತ ಮಾತ್ರ ಕೇಳಿದರು. ಹಾಗಂತ ಕಥೆ. ಅಷ್ಟು ನೆಲ ಕೊಟ್ಟು ಬರೀ ಹೆಸರು ಕೇಳಿದೋರ ಹೆಸರು ನಮಗೆ ಹೇಳೋಕೆ ನಾಚಿಕೆ. ಕೆರೆ ಅಂಗಳ ಒತ್ತಿ ತೋಟ ಮಾಡಿದ್ದಾರೆ ಅಂತ ಅಲ್ಲಿನ ಜನ ವರ್ಷಗಳಿಂದ ಕೂಗ್ತಿದ್ದಾರೆ, ಸರ್ವೆ ಮಾಡಿಸಿ ಅಂತ ಹೋರಾಟ ಮಾಡಿದ್ದಾರೆ. ಅಂಥ ತೋಟಗಳ ಹೆಸರು ಹೇಳೋಕೆ ಯಾರಿಗೂ ನಾಚಿಕೆ ಆದದ್ದು ನಾನು ಕಂಡಿಲ್ಲ.

ನಾನು ಅಲ್ಲಿಗೆ ಹೋದದ್ದು ಸುದ್ದಿಗಲ್ಲ. ಮದುವೆಯೊಂದಕ್ಕೆ ಹೋದವನು ಸಿದ್ಧೇಶ್ವರನ ಗುಡಿಗೆ ಕೈಮುಗಿದು ಏರಿ ಮೇಲೆ ನಿಂತಿದ್ದೆ. ಆ ವರ್ಷ, 2024ರಲ್ಲಿ, ಮಳೆ ಕೈಕೊಟ್ಟಿರಲಿಲ್ಲ, ನೋಡೋಕೆ ಚೆಂದ ಇತ್ತು. ಪಕ್ಕದಲ್ಲಿ ಒಬ್ಬರು ವಯಸ್ಸಾದವರು ಬಂದು ನಿಂತರು. ಅವರೂ ಬೇರೆ ಊರಿಂದ ದೇವರಿಗೆ ಬಂದವರು, ಬೇರೆ ಜಿಲ್ಲೆಯ ಒಂದು ಸಣ್ಣ ಪಟ್ಟಣದವರು. ನನ್ನ ಮುಖ ಎರಡು ಸಲ ನೋಡಿದರು.

‘ಟೀವಿಯೋರಲ್ವಾ ನೀವು?’

‘ಹೌದು ಯಜಮಾನ್ರೆ.’

‘ಇಷ್ಟು ನೀರೈತೆ ನೋಡಿ ಇಲ್ಲಿ. ನಮ್ಮೂರ ನಲ್ಲೀಲಿ ಹೋದ ಬೇಸಿಗೆ ಇಡೀ ವಾರಕ್ಕೊಂದ್ಸಲ ಬಂತು. ಮೆಂಬರ್‌ನ ಕೇಳಿದ್ರೆ ನನಗೇನೂ ಅಧಿಕಾರ ಇಲ್ಲ ಅಂದ. ಆಫೀಸಲ್ಲಿ ಕೇಳಿದ್ರೆ ಸಾಹೇಬ್ರು ಎಲೆಕ್ಷನ್ ಡ್ಯೂಟೀಲಿ ಅವ್ರೆ ಅಂದ್ರು. ಎಮ್ಮೆಲ್ಲೇನ ಕೇಳಾಣ ಅಂದ್ರೆ ಅವ್ರು ಬೆಂಗಳೂರಲ್ಲಿ. ಬೆಂಗಳೂರಲ್ಲವ್ರೆ ಅಂತ ನನಗೆ ಗೊತ್ತಾಗಿದ್ದೇ ನಿಮ್ಮ ಟೀವೀಲಿ.’

ನಾನು ನಕ್ಕೆ. ಅವರು ನಗಲಿಲ್ಲ. ಕಾರು ಹತ್ತಿದ ಮೇಲೆ ನನಗೂ ನಗು ಬರಲಿಲ್ಲ.

ಅವರು ಹೇಳಿದ ‘ಹೋದ ಬೇಸಿಗೆ’ ಯಾವುದು ಗೊತ್ತಾ? 2023ರ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ಮೇಲೆ ಬಂತಲ್ಲ, ಆ ಬೇಸಿಗೆ. ಟ್ಯಾಂಕರ್ ಯಾವ ಬೀದಿಗೆ ಮೊದಲು, ಯಾವ ಬೋರ್‌ವೆಲ್‌ಗೆ ಮೋಟಾರು, ಯಾರ ಮನೆ ಮುಂದೆ ಸಿಂಟೆಕ್ಸ್ ತೊಟ್ಟಿ. ದಿನಕ್ಕೆ ಹತ್ತು ಜಗಳ ಬಗೆಹರಿಸಬೇಕಾದ ಕಾಲ ಅದು. ಆಗ ರಾಜ್ಯದ ಬಹುಪಾಲು ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಅಧ್ಯಕ್ಷರೇ ಇರಲಿಲ್ಲ. ಸದಸ್ಯರಿದ್ದರು, ವೋಟು ಹಾಕಿ ಗೆಲ್ಲಿಸಿದ್ದೀರಿ. ಅಧ್ಯಕ್ಷರ ಕುರ್ಚಿ ಮಾತ್ರ ಖಾಲಿ. ಕುರ್ಚಿಯ ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿ, ಅಂದರೆ ತಹಶೀಲ್ದಾರರದ್ದೋ ಉಪವಿಭಾಗಾಧಿಕಾರಿಯದ್ದೋ ಕೈಯಲ್ಲಿ. ಅವರ ಮೇಜಿನ ಮೇಲೆ ಬರದ ಫೈಲು, ಲೋಕಸಭಾ ಚುನಾವಣೆಯ ಫೈಲು, ಪಹಣಿ ತಿದ್ದುಪಡಿ, ಗಲಾಟೆ, ಬಂದೋಬಸ್ತು. ಅದರ ಅಡಿಯಲ್ಲೆಲ್ಲೋ ನಿಮ್ಮ ನಲ್ಲಿ.

ಯಾಕೆ ಹೀಗಾಯ್ತು? ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಚಾನೆಲ್ ಬದಲಾಯಿಸಬೇಡಿ, ಮೋಜಿನ ಲೆಕ್ಕ ಇದು.

ಜನಸಂಖ್ಯೆ 10 ಸಾವಿರದಿಂದ 20 ಸಾವಿರದವರೆಗೆ ಇದ್ದರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರ ಇದ್ದರೆ ಪುರಸಭೆ. 1964ರ ಪುರಸಭೆಗಳ ಕಾಯ್ದೆಯ ಕೆಳಗೆ ಇವು ನಡೀತವೆ. ಅಧ್ಯಕ್ಷರ ಅವಧಿ 30 ತಿಂಗಳು, ಐದು ವರ್ಷಕ್ಕೆ ಎರಡು ಪಾಳಿ. ಯಾವ ಊರಿನ ಕುರ್ಚಿ ಯಾವ ವರ್ಗಕ್ಕೆ, ಮಹಿಳೆಗೋ ಸಾಮಾನ್ಯಕ್ಕೋ ಅಂತ ಸರ್ಕಾರ ಒಂದು ಮೀಸಲಾತಿ ಪಟ್ಟಿ ಹೊರಡಿಸಬೇಕು. ಆ ಪಟ್ಟಿ ಬರದೆ ಅಧ್ಯಕ್ಷರ ಆಯ್ಕೆ ಇಲ್ಲ.

2018ರ ಆಗಸ್ಟ್ 31ಕ್ಕೆ ನೂರಕ್ಕೂ ಹೆಚ್ಚು ಊರುಗಳಲ್ಲಿ ಚುನಾವಣೆ ನಡೀತು, 2019ರ ಮೇ 29ಕ್ಕೆ ಇನ್ನೊಂದು ಕಂತು. ಜನ ಸಾಲಲ್ಲಿ ನಿಂತು ವೋಟು ಹಾಕಿದರು. ಗೆದ್ದವರು ಹಾರ ಹಾಕಿಸಿಕೊಂಡರು, ಪಟಾಕಿ ಹೊಡೆದರು. ಆಮೇಲೆ? ಆಮೇಲೆ ಏನೂ ಇಲ್ಲ. ಮೀಸಲಾತಿ ಪಟ್ಟಿ ಬಂತು, ಬದಲಾಯಿತು, ಕೋರ್ಟು ಮೆಟ್ಟಿಲು ಹತ್ತಿತು. ಅಧ್ಯಕ್ಷರ ಆಯ್ಕೆ ಆದದ್ದು 2020ರ ಕೊನೆಗೆ! 2018ರಲ್ಲಿ ಗೆದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಬರೀ ವಿಸಿಟಿಂಗ್ ಕಾರ್ಡಿನ ಸದಸ್ಯರು.

ಇನ್ನೊಂದು ಸ್ವಾರಸ್ಯ ಇದೆ. ಪೌರಸಂಸ್ಥೆಯ ಆಯುಸ್ಸು ‘ಮೊದಲ ಸಭೆ’ಗೆ ಗೊತ್ತುಮಾಡಿದ ದಿನದಿಂದ ಐದು ವರ್ಷ ಅಂತ ಸಂವಿಧಾನ ಹೇಳುತ್ತೆ, ವೋಟು ಎಣಿಸಿದ ದಿನದಿಂದ ಅಂತ ಹೇಳಲ್ಲ. ಆ ಸಭೆಯೇ ನಡೆಯದಿದ್ದರೆ ಗಡಿಯಾರವೇ ಶುರುವಾಗಲ್ಲ. ಹಾಗಾಗಿ 2018ರಲ್ಲಿ ಆರಿಸಿದ ಸದಸ್ಯ 2025ರವರೆಗೂ ಸದಸ್ಯ. ಮಗು ಒಂದನೇ ಕ್ಲಾಸಿಗೆ ಸೇರಿದಾಗ ಗೆದ್ದವರು ಅದು ಏಳನೇ ಕ್ಲಾಸು ಮುಗಿಸುವ ಹೊತ್ತಿಗೂ ಅಲ್ಲೇ ಇದ್ದರು. ಅದರಲ್ಲಿ ಅರ್ಧ ಕಾಲ ಕೆಲಸ ಮಾಡೋ ಅಧಿಕಾರವೇ ಇರಲಿಲ್ಲ.

ಮೊದಲ ಪಾಳಿ 2023ರ ಮೇ ಆಸುಪಾಸಿಗೆ ಮುಗೀತು. ಎರಡನೇ ಪಾಳಿಯ ಪಟ್ಟಿ ಯಾವಾಗ ಬಂತು? 2024ರ ಆಗಸ್ಟ್ 5ಕ್ಕೆ. ಹತ್ತಿರ ಹತ್ತಿರ 15 ತಿಂಗಳು ಕಳೆದ ಮೇಲೆ. ಆ ಪಟ್ಟಿಯ ಮೇಲೆ ಆಯ್ಕೆಯಾಗೋ ಅಧ್ಯಕ್ಷರಿಗೆ 30 ತಿಂಗಳಲ್ಲಿ ಉಳಿದದ್ದು ಅರ್ಧ. ಅಷ್ಟಕ್ಕೇ ಪುರಸಭೆ ಸದಸ್ಯರೂ ರೆಸಾರ್ಟಿಗೆ ಹೋಗ್ತಾರೆ. ಗೋವಾಕ್ಕೋ ಚಿಕ್ಕಮಗಳೂರಿಗೋ ಟಿಟಿ ಗಾಡಿಯಲ್ಲಿ. ಅದನ್ನು ನಾವೂ ತೋರಿಸ್ತೀವಿ, ಸುಳ್ಳು ಯಾಕೆ ಹೇಳಲಿ. ಖಾಲಿ ಕುರ್ಚಿಯನ್ನು 15 ತಿಂಗಳಲ್ಲಿ ಒಂದು ದಿನವೂ ನಾವು ತೋರಿಸಲಿಲ್ಲ.

ಯಾವ ಪಕ್ಷದ ತಪ್ಪು ಅಂತ ಕೇಳ್ತೀರಾ? 2018ರಲ್ಲಿ ಇದ್ದದ್ದು ಜೆಡಿಎಸ್-ಕಾಂಗ್ರೆಸ್ ಸಮ್ಮಿಶ್ರ ಸರ್ಕಾರ. 2019ರಿಂದ 2023ರವರೆಗೆ ಬಿಜೆಪಿ. ಆಮೇಲೆ ಕಾಂಗ್ರೆಸ್. ಮೂರೂ ಪಕ್ಷದವರು ಈ ಒಂದು ವಿಷಯದಲ್ಲಿ ಅಣ್ಣ-ತಮ್ಮಂದಿರು. ಕಾರಣ ಬಹಳ ಸರಳ. ಪುರಸಭೆಗೆ ಅಧ್ಯಕ್ಷ ಇಲ್ಲದಿದ್ದರೆ ಊರಿನ ಎಲ್ಲ ಅರ್ಜಿಗಳೂ ಶಾಸಕರ ಮನೆ ಬಾಗಿಲಿಗೆ ಬರ್ತವೆ. ಶಾಸಕರಿಗೆ ಪುರಸಭೆಯಲ್ಲಿ ಹೇಗೂ ವೋಟಿದೆ. ಊರಲ್ಲಿ ಇನ್ನೊಬ್ಬ ನಾಯಕ ಬೆಳೆಯೋದು ಯಾರಿಗೆ ಬೇಕು? ಇದು ನನ್ನ ಅಭಿಪ್ರಾಯ. ಒಪ್ಪದವರು ಒಪ್ಪೋದು ಬೇಡ, ಬೇರೆ ಕಾರಣ ಇದ್ದರೆ ಹೇಳಲಿ, ಇದೇ ಸ್ಟುಡಿಯೋದಲ್ಲಿ ಕೂರಿಸ್ತೀನಿ.

ಇಷ್ಟು ಪಟ್ಟಣಗಳ ಕಥೆ. ಹಳ್ಳಿ ಕಡೆ ಬನ್ನಿ. ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರ್‌ನಲ್ಲಿ, ಕೋವಿಡ್ ನಡುವೆಯೇ ಚುನಾವಣೆ ಆಯ್ತು, 2024ರಲ್ಲಿ ಅವು ಕೆಲಸ ಮಾಡ್ತಿದ್ದವು. ಅದರ ಮೇಲಿನ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗೆ ಕೊನೆಯ ಸಲ ವೋಟು ಹಾಕಿದ್ದು ಯಾವಾಗ ನೆನಪಿದೆಯಾ? 2016ರ ಫೆಬ್ರವರಿ. ಅವಧಿ 2021ಕ್ಕೆ ಮುಗೀತು. ಕ್ಷೇತ್ರ ವಿಂಗಡಣೆಯ ಕೆಲಸವನ್ನು ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು, ಆಮೇಲೆ ಮೀಸಲಾತಿ, ಆಮೇಲೆ ಕೋರ್ಟು. 2024ಕ್ಕೆ ಮೂರು ವರ್ಷ ದಾಟಿತು. ದಾವಣಗೆರೆಯೂ ಸೇರಿ ಯಾವ ಜಿಲ್ಲಾ ಪಂಚಾಯಿತಿಯಲ್ಲೂ ಆಗ ಜನ ಆರಿಸಿದ ಒಬ್ಬ ಸದಸ್ಯನೂ ಇರಲಿಲ್ಲ. ಅವಧಿ ಮುಗಿಯೋ ಮೊದಲೇ ಚುನಾವಣೆ ನಡೀಬೇಕು ಅಂತ ಸುಪ್ರೀಂ ಕೋರ್ಟು 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಹೇಳಿತ್ತು. 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ, ಕ್ಷೇತ್ರ ವಿಂಗಡಣೆಯ ನೆಪ ಹೇಳಿ ಕಾಯಬೇಡಿ ಅಂತ ಮತ್ತೊಮ್ಮೆ ಹೇಳಿತು.

ಈಗ ಸೂಳೆಕೆರೆ ಏರಿಗೆ ವಾಪಸ್ ಬರೋಣ. ಕೆರೆಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳ್ತಿರಬಹುದು.

ಆ ಕೆರೆ ನೀರು ಯಾರು ಯಾರಿಗೆ ಹೋಗುತ್ತೆ ನೋಡಿ. ಸಿದ್ಧನಾಲೆ, ಬಸವನಾಲೆ ಅಂತ ಎರಡು ನಾಲೆ. ಅವು ಕೆಳಗಿನ ಗದ್ದೆ-ತೋಟಗಳಿಗೆ. ಅಚ್ಚುಕಟ್ಟಿನ ರೈತ ಕಾಲುವೆ ನೋಡ್ತಾ ಕೂತಿರ್ತಾನೆ. ಕುಡಿಯುವ ನೀರು ಚನ್ನಗಿರಿಯ ಕಡೆಗೆ, ಇನ್ನೊಂದು ಜಿಲ್ಲೆಯ ಚಿತ್ರದುರ್ಗ ನಗರದ ಕಡೆಗೂ. ಮೀನುಗಾರರ ಪಾಲು ಬೇರೆ. ಮೇಲಿನಿಂದ ಭದ್ರಾ ನಾಲೆಯ ನೀರು ಕೆರೆಗೆ ಸೇರುತ್ತೆ, ಅಂದರೆ ಭದ್ರಾ ಜಲಾಶಯದ ಜಗಳಗಳೂ ಅದರ ಜೊತೆ ಹರಿದು ಬರ್ತವೆ. ಉಳಿದ ನೀರು ಹರಿದ್ರೆಯಾಗಿ ಹರಿಹರದ ಬಳಿ ತುಂಗಭದ್ರೆಗೆ. ಸುತ್ತ ಇರೋದು ಅಡಿಕೆ ನಾಡು. ಬೇಸಿಗೆಯಲ್ಲಿ ಗಿಡ ಒಣಗುತ್ತಿದ್ದರೆ ಯಾವ ರೈತ ತಾನೇ ಪಂಪ್‌ಸೆಟ್ ಇಡದೆ ಸುಮ್ಮನಿರ್ತಾನೆ? ಅವನನ್ನು ನಾನು ಕಳ್ಳ ಅಂತ ಕರೆಯೋಕೆ ತಯಾರಿಲ್ಲ. ಮೂವತ್ತು ವರ್ಷ ಸಾಕಿದ ಮರ ಕಣ್ಣ ಮುಂದೆ ಸಾಯೋದನ್ನು ನೋಡಿದೋರಿಗೆ ಆ ಕಷ್ಟ ಗೊತ್ತು. ನಲ್ಲಿ ಮುಂದೆ ಖಾಲಿ ಕೊಡ ಇಟ್ಟ ಹೆಣ್ಮಗಳ ಕಷ್ಟವೂ ನಿಜ. ಇಬ್ಬರನ್ನೂ ಎದುರು ಬದುರು ಕೂರಿಸಿ, ನಿನಗಿಷ್ಟು ಅವಳಿಗಿಷ್ಟು ಅಂತ ಹೇಳೋರು ಯಾರು?

ಕಾನೂನು ಪ್ರಕಾರ ಅಚ್ಚುಕಟ್ಟು 40 ಹೆಕ್ಟೇರ್‌ವರೆಗಿನ ಸಣ್ಣ ಕೆರೆಗಳು ಪಂಚಾಯಿತಿ ವ್ಯವಸ್ಥೆಗೆ. ಅದಕ್ಕಿಂತ ದೊಡ್ಡವು ನೀರಾವರಿ ಇಲಾಖೆ, ನಿಗಮಗಳಿಗೆ. ಸೂಳೆಕೆರೆ ಎಷ್ಟೋ ಪಾಲು ದೊಡ್ಡದು, ಹಾಗಾಗಿ ದಡದ ಮೇಲಿರೋ ಯಾವ ಪಂಚಾಯಿತಿಯ ಮಾತೂ ಅಲ್ಲಿ ನಡೆಯಲ್ಲ. ತೂಬಿನ ಬೀಗ ಒಬ್ಬ ಎಂಜಿನಿಯರ್ ಹತ್ತಿರ, ಪೈಪಿನ ಲೆಕ್ಕ ಇನ್ನೊಬ್ಬರ ಹತ್ತಿರ, ಸರ್ವೆ ಕಲ್ಲು ಕಂದಾಯ ಇಲಾಖೆಯ ಹತ್ತಿರ. ಇವರಲ್ಲಿ ಯಾರನ್ನೂ ನೀವು ಆರಿಸಿಲ್ಲ, ಯಾರನ್ನೂ ಸೋಲಿಸೋಕೂ ಬರಲ್ಲ.

ಸಂವಿಧಾನ ಬರೆದೋರು, ಅದನ್ನು ತಿದ್ದಿದೋರು ಇದನ್ನು ಯೋಚಿಸಿರಲಿಲ್ಲವಾ? ಯೋಚಿಸಿದ್ದರು. ನನಗೆ ಆಶ್ಚರ್ಯ ಆದದ್ದು ಅಲ್ಲೇ. 74ನೇ ತಿದ್ದುಪಡಿಯಲ್ಲಿ ಜಿಲ್ಲಾ ಯೋಜನಾ ಸಮಿತಿ ಅಂತ ಒಂದಿದೆ, 243 ಝಡ್‌ಡಿ ವಿಧಿ. ಪಂಚಾಯಿತಿಗಳಿಗೂ ಪೌರಸಂಸ್ಥೆಗಳಿಗೂ ಸಮಾನವಾಗಿ ಸಂಬಂಧಪಟ್ಟ ವಿಷಯಗಳನ್ನು ಆ ಸಮಿತಿ ನೋಡಬೇಕು. ಆ ವಿಷಯಗಳಲ್ಲಿ ನೀರಿನ ಹಂಚಿಕೆಯನ್ನು ಹೆಸರು ಹಿಡಿದು ಸೇರಿಸಿದ್ದಾರೆ. ಸೂಳೆಕೆರೆಯಂಥ ಕೆರೆಯನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಬರೆದ ಹಾಗಿದೆ! ಊರಿನವರೂ ಹಳ್ಳಿಯವರೂ ಒಂದೇ ಮೇಜಿನ ಸುತ್ತ ಕೂತು ನೀರು ಹಂಚಿಕೊಳ್ಳಲಿ ಅಂತ. ಆ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಜನ ಯಾರಿರಬೇಕು? ಜಿಲ್ಲಾ ಪಂಚಾಯಿತಿಯ ಮತ್ತು ಪೌರಸಂಸ್ಥೆಗಳ ಚುನಾಯಿತ ಸದಸ್ಯರು, ತಮ್ಮೊಳಗೇ ಆರಿಸಿಕೊಂಡವರು.

2024ರಲ್ಲಿ ಜಿಲ್ಲಾ ಪಂಚಾಯಿತಿಯಲ್ಲಿ ಚುನಾಯಿತರೇ ಇರಲಿಲ್ಲ. ಸಮಿತಿಯಲ್ಲಿ ಹಳ್ಳಿಯ ಪಾಲಿನ ಕುರ್ಚಿಗಳು ಪೂರ್ತಿ ಖಾಲಿ ಇದ್ದವು. ಪಟ್ಟಣದ ಕಡೆಯವರು ಹದಿನೈದು ತಿಂಗಳು ಅಧ್ಯಕ್ಷರಿಲ್ಲದೆ ಕೈಕಟ್ಟಿ ಕೂತಿದ್ದರು. ಬರ ಬಂದದ್ದು ಆಗಲೇ.

ನಮ್ಮ ರಾಜ್ಯ ಹೀಗೇನೂ ಇರಲಿಲ್ಲ ರೀ. ದೇಶಕ್ಕೆ ಪಾಠ ಹೇಳಿಕೊಟ್ಟ ರಾಜ್ಯ ಇದು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಪಂಚಾಯತ್‌ರಾಜ್ ಮಂತ್ರಿ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಆದವರು. ನೀರು ಕೊಟ್ಟ ಆ ಮನುಷ್ಯನೇ ಅಧಿಕಾರವನ್ನೂ ಹಂಚಿದರು ಅನ್ನೋದನ್ನು ನಾವು ಮರೆತಿದ್ದೀವಿ. 1983ರ ಕಾಯ್ದೆ, 1987ರ ಜನವರಿಯಲ್ಲಿ ಚುನಾವಣೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಮಹಿಳೆಯರಿಗೆ ನಾಲ್ಕರಲ್ಲಿ ಒಂದು ಸ್ಥಾನ, ದೇಶ ಆ ಮಾತು ಆಡೋದಕ್ಕೆ ಮುಂಚೆ. ಐದು ವರ್ಷ ಮುಗಿದು 1992 ಬಂದಾಗ ಏನಾಯ್ತು ಗೊತ್ತಾ? ಚುನಾವಣೆ ಮಾಡಲಿಲ್ಲ, ಆಡಳಿತಾಧಿಕಾರಿಗಳನ್ನು ಕೂರಿಸಿದರು. ಅಂದರೆ ಈ ಕಾಯಿಲೆಯೂ ನಮ್ಮಲ್ಲಿ ಹಳೆಯದೇ. ಹೀಗೆ ಆಗಬಾರದು ಅಂತಲೇ 73, 74ನೇ ತಿದ್ದುಪಡಿಗಳಲ್ಲಿ ‘ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ’ ಅಂತ ಬರೆದದ್ದು.

ಅದೇ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು ಜೆ.ಎಚ್. ಪಟೇಲರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು. ಅವರು ಮುಖ್ಯಮಂತ್ರಿಯಾಗಿದ್ದಾಗಲೇ, 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಹುಟ್ಟಿದ್ದು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದಿಂದ ಜಗಳೂರು ಬಂತು. ಆಡಳಿತ ಜನರ ಹತ್ತಿರಕ್ಕೆ ಬರಲಿ ಅಂತ. ಆಮೇಲೆ ಇನ್ನೂ ಹತ್ತಿರ ಬರಲಿ ಅಂತ ಹೊನ್ನಾಳಿಯಿಂದ ನ್ಯಾಮತಿ ತಾಲ್ಲೂಕು ಬೇರೆ ಆಯ್ತು. ಜಿಲ್ಲೆ ಹತ್ತಿರ ಬಂತು, ತಾಲ್ಲೂಕು ಹತ್ತಿರ ಬಂತು, ತಹಶೀಲ್ದಾರರ ಕಚೇರಿಯೂ ಬಂತು.

ತಾಲ್ಲೂಕು ಕೇಂದ್ರ ಆದ ಊರುಗಳನ್ನು ಪಟ್ಟಣ ಪಂಚಾಯಿತಿ ಮಾಡಿದಾಗ ಏನಾಗುತ್ತೆ ಅನ್ನೋದನ್ನೂ ಒಂಚೂರು ಹೇಳಿಬಿಡ್ತೀನಿ. ನಿನ್ನೆವರೆಗೆ ಗ್ರಾಮ ಪಂಚಾಯಿತಿ, ಇವತ್ತಿಂದ ಪಟ್ಟಣ. ಬೋರ್ಡು ಬದಲಾಗುತ್ತೆ, ಜನ ಸಂತೋಷ ಪಡ್ತಾರೆ. ಮಾರನೇ ದಿನ ಕೂಲಿ ಮಾಡೋ ಹೆಣ್ಮಗಳು ಉದ್ಯೋಗ ಖಾತ್ರಿ ಕಾರ್ಡು ಹಿಡಿದು ಹೋದರೆ, ‘ಅಕ್ಕ, ಅದು ಹಳ್ಳಿಗೆ ಮಾತ್ರ, ನಿಮ್ಮದು ಈಗ ಪಟ್ಟಣ’ ಅಂತಾರೆ. ಬೀದಿ ಅದೇ, ಚರಂಡಿ ಅದೇ, ಎಮ್ಮೆ ಅದೇ, ಕೂಲಿ ಮಾತ್ರ ಹೋಯ್ತು. ಇ-ಸ್ವತ್ತು ಹೋಗಿ ಇ-ಆಸ್ತಿ. ಹಳೆ ಪಂಚಾಯಿತಿ ಸದಸ್ಯರ ಕಾಲ ಮುಗೀತು, ಹೊಸ ವಾರ್ಡು ಗುರುತಾಗಿ ಚುನಾವಣೆ ಆಗೋವರೆಗೆ ಮತ್ತೆ ಆಡಳಿತಾಧಿಕಾರಿ. ಇದನ್ನೇ ನಾವು ಮೇಲ್ದರ್ಜೆಗೇರಿಸೋದು ಅಂತ ಕರೀತೀವಿ.

ನೀವು ಹೇಳಬಹುದು, ಅಧ್ಯಕ್ಷರಿದ್ದಾಗ ಮಾತ್ರ ಏನು ಮಹಾ ಉದ್ಧಾರ ಆಗಿತ್ತು, ಅವರೂ ತಿನ್ನೋರೇ ಅಂತ. ನಮ್ಮಮ್ಮನೂ ಇದನ್ನೇ ಹೇಳ್ತಾರೆ. ಅವರಿರೋದೂ ಒಂದು ಪುರಸಭೆಯ ಊರಲ್ಲೇ, ಹೆಸರು ಬೇಡ. ಮನೆ ಮುಂದಿನ ಚರಂಡಿ ಎರಡು ಮಳೆಗಾಲ ಕಟ್ಟಿಕೊಂಡಿತ್ತು. ನಾನು ಟೀವಿಯಲ್ಲಿ ಮುಖ್ಯಮಂತ್ರಿಗಳನ್ನೇ ಪ್ರಶ್ನೆ ಕೇಳೋನು, ನಮ್ಮಮ್ಮನ ಚರಂಡಿ ತೆಗೆಸೋಕೆ ನನ್ನಿಂದ ಆಗಲಿಲ್ಲ. ಫೋನ್ ಮಾಡಿದಾಗೆಲ್ಲ ‘ಗಮನಕ್ಕೆ ತಂದಿದ್ದೀವಿ ಸರ್’ ಅನ್ನೋ ಉತ್ತರ. ಯಾರ ಗಮನಕ್ಕೆ? ಹಿಂದೆ ಇದ್ದ ಅಧ್ಯಕ್ಷರೊಬ್ಬರು ಪ್ರಾಮಾಣಿಕರೇನೂ ಆಗಿರಲಿಲ್ಲ ಅಂತ ಅಮ್ಮನೇ ಹೇಳ್ತಾರೆ. ‘ಆದರೆ ಬೆಳಗ್ಗೆ ಹಾಲಿಗೆ ಹೋದಾಗ ಸಿಗ್ತಿದ್ದ ಕಣೋ. ಬೈದ್ರೆ ಬೈಸ್ಕೊಳ್ತಿದ್ದ. ನಾಲ್ಕು ದಿನ ಬಿಟ್ಟು ಕೆಲಸದೋರನ್ನ ಕಳಿಸ್ತಿದ್ದ.’

ಬೈದರೆ ಬೈಸಿಕೊಳ್ಳೋಕೆ ಒಬ್ಬ ಮನುಷ್ಯ. ಸ್ಥಳೀಯ ಸರ್ಕಾರಕ್ಕೆ ಇದಕ್ಕಿಂತ ಒಳ್ಳೆ ವಿವರಣೆ ನನಗೆ ಯಾವ ತಜ್ಞರ ಬಾಯಲ್ಲೂ ಸಿಕ್ಕಿಲ್ಲ. ತಹಶೀಲ್ದಾರರನ್ನು ಹಾಲಿನ ಅಂಗಡಿ ಮುಂದೆ ಬೈಯೋಕಾಗುತ್ತಾ? ಅವರು ಒಳ್ಳೆಯವರೇ ಇರಬಹುದು, ಮುಂದಿನ ತಿಂಗಳು ವರ್ಗ ಆಗಿ ಹೋಗ್ತಾರೆ.

ದುಡ್ಡಿನ ವಿಷಯವೂ ಇದೆ, ಬೇಗ ಹೇಳಿ ಮುಗಿಸ್ತೀನಿ. ಕೇಂದ್ರ ಹಣಕಾಸು ಆಯೋಗದ ಅನುದಾನ ಬೇಕು ಅಂದರೆ ಅಲ್ಲಿ ಚುನಾಯಿತ ಮಂಡಳಿ ಇರಬೇಕು ಅನ್ನೋದು ಷರತ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ಮಾಡದೆ ನಾವು ಕಳಕೊಂಡದ್ದು ನಮ್ಮದೇ ತೆರಿಗೆಯ ಪಾಲು. ಕೇಂದ್ರ ನಮಗೆ ಅನ್ಯಾಯ ಮಾಡ್ತಿದೆ ಅಂತ ವಿಧಾನಸೌಧದಲ್ಲಿ ಭಾಷಣ ಮಾಡೋರು, ಈ ಒಂದು ಪಾಲು ಯಾಕೆ ಬರಲಿಲ್ಲ ಅಂತಲೂ ಅದೇ ಭಾಷಣದಲ್ಲಿ ಹೇಳಬೇಕಲ್ವಾ.

ಮುಂದೆ ನಿಮ್ಮ ಊರಿನ ಪುರಸಭೆಯಲ್ಲೋ ಪಟ್ಟಣ ಪಂಚಾಯಿತಿಯಲ್ಲೋ ಅಧ್ಯಕ್ಷರ ಆಯ್ಕೆ ನಡೀಬಹುದು. ನಿಮ್ಮ ವಾರ್ಡಿನ ಸದಸ್ಯರು ರೆಸಾರ್ಟಿನಿಂದ ವಾಪಸ್ ಬಂದ ಮೇಲೆ ಎರಡೇ ಪ್ರಶ್ನೆ ಕೇಳಿ. ಮೊದಲನೆಯದು, ಆ ಹದಿನೈದು ತಿಂಗಳಲ್ಲಿ ಊರಿನ ನೀರಿನ ಬಾಬ್ತು ಎಷ್ಟು ಖರ್ಚಾಯ್ತು, ಯಾವ ಬೀದಿಗೆ ಎಷ್ಟು ಟ್ಯಾಂಕರ್ ಹೋಯ್ತು, ಲೆಕ್ಕದ ಪುಸ್ತಕ ಮೊದಲ ಸಭೆಯಲ್ಲೇ ಮೇಜಿಗೆ ಬರುತ್ತಾ? ಎರಡನೆಯದು, ಜಿಲ್ಲಾ ಯೋಜನಾ ಸಮಿತಿಗೆ ನಮ್ಮ ಊರಿಂದ ಯಾರು ಹೋಗ್ತಾರೆ? ‘ಅದೇನು ಸಮಿತಿ?’ ಅಂತ ಅವರು ಕೇಳಿದರೆ ಬೇಜಾರು ಮಾಡ್ಕೋಬೇಡಿ. ಹೋದ ವಾರದವರೆಗೆ ನನಗೂ ಅಷ್ಟಾಗಿ ಗೊತ್ತಿರಲಿಲ್ಲ.

ಆ ಯಜಮಾನರ ಹೆಸರು ಕೇಳೋಕೆ ಮರೆತೆ. ಊರು ಗೊತ್ತು. ಅಲ್ಲೂ ಅಧ್ಯಕ್ಷರ ಆಯ್ಕೆ ಆಗಬೇಕು. ಆ ದಿನ ನಮ್ಮ ವರದಿಗಾರ ಅಲ್ಲಿರ್ತಾರೆ. ಆಯ್ಕೆಯಾಗಿ ಒಂದು ತಿಂಗಳಾದ ಮೇಲೆ ಅವರನ್ನೇ ಇನ್ನೊಮ್ಮೆ ಕಳಿಸ್ತೀನಿ, ನಲ್ಲಿ ಮುಂದೆ ನಿಂತು ಕ್ಯಾಮೆರಾ ಹಿಡಿಯೋಕೆ. ಆ ದಿನ ಯಾವ ಊಟದ ರಾಜಕೀಯ ಇದ್ದರೂ ಸರಿ, ಮೊದಲ ಐದು ನಿಮಿಷ ಆ ನಲ್ಲಿಗೆ.

ಬ್ರೇಕ್ ನಂತರ ಬುಲೆಟಿನ್.